ಸಮುದ್ರಕ್ಕೆ ಹೊಡೆದ ಗಂಟೆ

ನಾನು ಬೂತಾಯಿ ಮೀನು ಬೇಯಿಸಲು ಹೋದದ್ದು ಕಾಫಿ ತೋಟದ ರೈಟರ್ ಆಗುವುದಕ್ಕಾಗಿ. ಇದನ್ನು ಕೇಳಿದವರು ನಗುತ್ತಾರೆ. ನಮ್ಮ ಯಜಮಾನರಿಗೆ ಮಾತ್ರ ಇದರಲ್ಲಿ ನಗುವಂಥದ್ದೇನೂ ಕಂಡಿರಲಿಲ್ಲ.

ಯುದ್ಧಕ್ಕೆ ಮೊದಲಿನ ಮಾತು. ಕಳಸದ ಹತ್ತಿರದ ಆ ಎಸ್ಟೇಟಿನಲ್ಲಿ, ಸ್ಟೋರಿನ ಮುಂದೆ ತೂಗುಹಾಕಿದ್ದ ರೈಲು ಕಂಬಿಯ ತುಂಡಿಗೆ ಸುತ್ತಿಗೆ ಬಿದ್ದ ಮೇಲೆಯೇ ಬೆಳಗಾಗುತ್ತಿತ್ತು. ಹಾಜರಿಗೆ, ಊಟಕ್ಕೆ, ಕೆಲಸ ಬಿಡುವುದಕ್ಕೆ ಎಲ್ಲಕ್ಕೂ ಅದೇ ಗಂಟೆ. ಹೊಡೆಯುವ ಕೆಲಸ ನನ್ನದು. ಚಿಕ್ಕಮಗಳೂರಿನ ಹಾಸ್ಟೆಲಿನಲ್ಲಿ ಗಂಟೆಗೆ ಎದ್ದು ಗಂಟೆಗೆ ಉಂಡು ಬೆಳೆದವನಿಗೆ ಅದೇನೂ ಕಷ್ಟವಲ್ಲ. ಆದರೆ ನಾನು ಹಾಜರಿ, ಲೆಕ್ಕ ಬರೆಯುವ ಬದಲಿ ರೈಟರ್. ಖಾಯಂ ರೈಟರಿಗೆ ವಯಸ್ಸಾಗಿತ್ತು, ಆ ವರ್ಷದ ಕೊನೆಗೆ ಬಿಡುವವರಿದ್ದರು. ಜಾವಳಿಯಲ್ಲಿ ನನಗೆ ನೋಡಿದ್ದ ಹೆಣ್ಣಿನ ತಂದೆ, "ಕೆಲಸ ಖಾಯಂ ಆಗ್ಲಿ, ಆಮೇಲೆ ಮಾತಾಡೋಣ" ಎಂದು ಹೇಳಿ ಕಳಿಸಿದ್ದರು.

ಕಾಫಿ ಗಿಡಕ್ಕೆ ಪ್ರತಿವರ್ಷ ಘಟ್ಟದ ಕೆಳಗಿನಿಂದ ಮೀನಿನ ಗೊಬ್ಬರ ಬರುತ್ತಿತ್ತು. ಬೂತಾಯಿಯನ್ನು ಬೇಯಿಸಿ ಎಣ್ಣೆ ಹಿಂಡಿ, ಉಳಿದದ್ದನ್ನು ಮರಳ ಮೇಲೆ ಒಣಗಿಸಿದರೆ ಅದೇ ಗೊಬ್ಬರ. ಆ ವರ್ಷ ಯಜಮಾನರಿಗೆ ಅದನ್ನು ನಾವೇ ಏಕೆ ಮಾಡಬಾರದು ಎನ್ನಿಸಿತು. ಸಮುದ್ರದ ದಂಡೆಯಲ್ಲಿ, ರಸ್ತೆ ಮುಗಿದ ಮೇಲೂ ನಡೆಯಬೇಕಾದ ಒಂದು ಊರಿನಲ್ಲಿ, ಮೀನಿನ ಕಾರ್ಖಾನೆಯೊಂದನ್ನು ಗೇಣಿಗೆ ಹಿಡಿದರು. ಕಾರ್ಖಾನೆ ಎಂದರೆ ತೆಂಗಿನ ಗರಿಯ ಸೂರು, ಅದರಡಿ ಸಾಲು ಒಲೆ, ಒಲೆಗಳ ಮೇಲೆ ಕೊಪ್ಪರಿಗೆ.

"ಅಲ್ಲಿಯೋರಿಗೆ ಹೊತ್ತುಗೊತ್ತು ಇಲ್ಲ. ನೀನು ಹೋಗು," ಎಂದರು ಯಜಮಾನರು. "ತೋಟ ಹ್ಯಾಗೆ ನಡೀತದೋ ಹಾಗೇ ಅದೂ ನಡೀಬೇಕು. ಬೆಳಿಗ್ಗೆ ಗಂಟೆಗೆ ಒಲೆ ಹೊತ್ಬೇಕು, ಊಟದ ಗಂಟೆಗೆ ಆರ್ಬೇಕು. ಸೌದೆ ದಂಡ ಆಗ್ಬಾರ್ದು. ನಾನು ಬಂದು ನೋಡ್ತೀನಿ. ಸರಿ ಕಂಡ್ರೆ ರೈಟರ್ ಕೆಲಸ ನಿಂದು."

ಕಾಫಿ ಹಣ್ಣಾಗುವುದಕ್ಕೆ ಮುಂಚಿನ ಬಿಡುವಿನಲ್ಲಿ ಕೂಲಿ ಲೈನಿನ ಹೆಂಗಸರನ್ನು ಕರೆದುಕೊಂಡು ಚಾರ್ಮಾಡಿ ಘಾಟಿ ಇಳಿದೆ. ಅವರಲ್ಲಿ ಹಿರಿಯಳನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಗಾಡಿಯಲ್ಲಿ ಅಕ್ಕಿ ಮೂಟೆಗಳ ನಡುವೆ ಕಂಬಿ ತುಂಡೊಂದು ಅವಳ ಕಾಲಿಗೆ ತಾಗಿತು.

"ಇದ್ಯಾಕೆ ರೈಟ್ರೇ, ಕಬ್ಬಿಣ?"

"ಗಂಟೆ ಹೊಡಿಯೋಕೆ."

"ಯಾರಿಗೆ, ಮೀನಿಗಾ?"

ಗಾಡಿಯ ಹಿಂದೆ ನಡೆಯುತ್ತಿದ್ದವರೆಲ್ಲ ಘಾಟಿ ಇಳಿಯುವವರೆಗೂ ನಕ್ಕರು.

ಮೊದಲ ದಿನ ಗಂಟೆ ಹೊಡೆದೆ. ಹೆಂಗಸರು ಸಾಲಾಗಿ ನಿಂತರು, ಹಾಜರಿ ಕರೆದೆ, ಒಲೆ ಹೊತ್ತಿತು, ಕೊಪ್ಪರಿಗೆಯಲ್ಲಿ ನೀರು ಕುದಿಯಿತು. ಮೀನೊಂದನ್ನು ಬಿಟ್ಟರೆ ಎಲ್ಲವೂ ತೋಟದ ಕ್ರಮದಲ್ಲೇ ನಡೆಯಿತು. ಊಟದ ಗಂಟೆ ಹೊಡೆದು ಒಲೆಗೆ ನೀರು ಹೊಯ್ಯಿಸಿದೆ. ಅಷ್ಟರಲ್ಲಿ ದೋಣಿಗಳು ಕಂಡವು.

ಆ ದಂಡೆಯ ಪದ್ಧತಿ ನಮಗೆ ಆಗ ತಿಳಿಯಿತು. ಬೂತಾಯಿ ಬಿಸಿಲಿಗೆ ಹೆಚ್ಚು ಹೊತ್ತು ತಡೆಯುವುದಿಲ್ಲ. ಆದ್ದರಿಂದ ದೋಣಿಯವರು ದೂರದಿಂದಲೇ ನೋಡಿ, ಯಾವ ಸೂರಿನ ಮೇಲೆ ಹೊಗೆ ಇದೆಯೋ ಅಲ್ಲಿಗೆ ದೋಣಿ ತಿರುಗಿಸುತ್ತಿದ್ದರು. ಪಕ್ಕದ ಕಾರ್ಖಾನೆಯವನ ಒಲೆ ಎಂದೂ ಆರುತ್ತಿರಲಿಲ್ಲ. ಅಂದಿನ ಮೀನೆಲ್ಲ ಅವನಿಗೇ ಹೋಯಿತು. ಮರುದಿನದ್ದೂ ಹೋಯಿತು. ಸಂಜೆ ಅವನು ಬೇಲಿಯ ಹತ್ತಿರ ಬಂದು, "ನಿಮ್ಮ ಊಟದ ಗಂಟೆಯಿಂದ ಭಾರೀ ಉಪಕಾರ ಮಾರಾಯ್ರೆ. ಅದು ಕೇಳಿದ ಕೂಡ್ಲೆ ನಾವು ಒಲೆಗೆ ಇನ್ನಷ್ಟು ಸೌದೆ ಹಾಕುವುದು" ಎಂದ.

ದೊಡ್ಡಮ್ಮ ಹೇಳಿದಳು, "ಊಟದ ಹೊತ್ತಿಗೆ ಒಂದು ಕೊಳ್ಳಿಯಾದ್ರೂ ಇಟ್ಟಿರಿ, ರೈಟ್ರೇ. ಹೊಗೆ ಕಂಡ್ರೆ ಸಾಕು."

"ಯಜಮಾನರ ಅಪ್ಪಣೆ ಇಲ್ಲ."

"ಆ ಅಪ್ಪಣೆ ಮೀನಿಗೆ ಗೊತ್ತಿಲ್ವಲ್ಲ!"

ಗಂಟೆ ತಪ್ಪಿದರೆ ಕೆಲಸ ಹೋಗುತ್ತದೆ, ಗೊಬ್ಬರವಾಗದಿದ್ದರೂ ಹೋಗುತ್ತದೆ. ಎರಡು ದಾರಿಯಲ್ಲೂ ಜಾವಳಿ ದೂರವೇ. ಘಟ್ಟ ಹತ್ತುವ ಗಾಡಿಯವನ ಕೈಯಲ್ಲಿ ವಿಷಯ ಹೇಳಿ ಕಳಿಸಿದೆ. ಯಜಮಾನರಿಂದ ಬಂದ ಉತ್ತರ ಚಿಕ್ಕದು: ಗಂಟೆ ತಪ್ಪಕೂಡದು. ತಪ್ಪಲಿಲ್ಲ.

ಹೀಗಾಗಿ ಆ ಸೀಸನ್ನಿನಲ್ಲಿ ನಮಗೆ ಸಿಕ್ಕಿದ್ದು ಪಕ್ಕದವನು ಬೇಡವೆಂದ ಮೀನು. ಆದರೆ ಆಳುಗಳನ್ನು ಸುಮ್ಮನೆ ಕೂರಿಸುವುದು ನನ್ನ ಜಾಯಮಾನದಲ್ಲಿಲ್ಲ. ಕೊಪ್ಪರಿಗೆಗಳನ್ನು ಹುಣಸೆಹಣ್ಣು ಹಾಕಿ ಉಜ್ಜಿಸಿದೆ. ಮರಳನ್ನು ಗುಡಿಸಿಸಿದೆ. ಗಾಳಿ ಅದನ್ನು ಮತ್ತೆ ಹರಡುತ್ತಿತ್ತು, ನಾನು ಮತ್ತೆ ಗುಡಿಸಿಸುತ್ತಿದ್ದೆ. ಕಂಬಗಳಿಗೆ ಸುಣ್ಣ ಬಳಿಸಿದೆ. ದಂಡೆಯ ನಾಯಿಗಳು ಕೂಡ ನಮ್ಮ ಕಡೆ ಬರುವುದನ್ನು ಬಿಟ್ಟವು.

ಕೊನೆಗೆ ಯಜಮಾನರು ಬಂದರು. ಮೂಗಿಗೆ ಕರವಸ್ತ್ರ ಹಿಡಿದೇ ಗಾಡಿ ಇಳಿದವರು, ನಾಲ್ಕು ಹೆಜ್ಜೆ ನಡೆದು ಅದನ್ನು ತೆಗೆದರು. ಹೆಂಗಸರು ಸಾಲಾಗಿ ನಿಂತಿದ್ದರು. ಕೊಪ್ಪರಿಗೆಯಲ್ಲಿ ಯಜಮಾನರ ಮುಖ ಕಾಣುತ್ತಿತ್ತು.

"ಮೀನಿನ ಕಾರ್ಖಾನೆ ಅಂದ್ರೆ ನಾತ ಅಂತಾರೆ. ಎಲ್ಲಿದೆ ನಾತ?"

"ಮೀನಿದ್ರೆ ತಾನೇ ಒಡೆಯಾ ನಾತ," ಎಂದಳು ದೊಡ್ಡಮ್ಮ.

ಯಜಮಾನರು ನನ್ನ ಕಡೆ ತಿರುಗಿ, "ಗೊಬ್ಬರ ಎಷ್ಟಾಗಿದೆ?" ಎಂದರು. ಮೂಲೆಯಲ್ಲಿದ್ದ ಚೀಲಗಳನ್ನು ತೋರಿಸಿದೆ. ತೋರಿಸುವುದಕ್ಕೆ ಒಂದೇ ಕೈ ಸಾಕಾಯಿತು. ಅವರು ಚೀಲಗಳನ್ನು ನೋಡಿದರು, ಸಮುದ್ರವನ್ನು ನೋಡಿದರು. ಪಕ್ಕದ ಸೂರಿನಿಂದ ಹೊಗೆ ಏಳುತ್ತಿತ್ತು, ಅದನ್ನು ನೋಡಲಿಲ್ಲ.

"ಸಮುದ್ರಕ್ಕೆ ಶಿಸ್ತಿಲ್ಲ," ಎಂದರು. "ಅದಕ್ಕೆ ನೀನೇನು ಮಾಡ್ತೀಯ? ಮೇಲಕ್ಕೆ ಬಾ, ರೈಟರ್ ಕೆಲಸ ನಿಂದೇ."

ಜಾವಳಿಯಲ್ಲಿ ಮಾತುಕತೆ ಮುಗಿದು ಮದುವೆಯೂ ಆಯಿತು. ಕಾಫಿ ಹೂ ಅರಳಿಸುವ ಹೂಮಳೆಯ ಕಾಲಕ್ಕೆ, ಖಾಯಂ ರೈಟರಾಗಿ ನಾನು ಇಳಿಸಿಕೊಳ್ಳಬೇಕಾಗಿದ್ದ ಮೊದಲ ಸರಕು ಮೀನಿನ ಗೊಬ್ಬರ. ನಮ್ಮ ಚೀಲಗಳು ಒಂದು ಪಟ್ಟೆ ಗಿಡಕ್ಕೂ ಸಾಲದೆ, ಯಜಮಾನರು ಪಕ್ಕದ ಕಾರ್ಖಾನೆಯವನಿಂದಲೇ ತರಿಸಿದ್ದರು. ಗಾಡಿಗಳು ಬಂದಾಗ ನಾತಕ್ಕೆ ಬಂಗಲೆಯ ಕಿಟಕಿಗಳೆಲ್ಲ ಮುಚ್ಚಿದವು. ಮೋಡ ಕವಿದಿತ್ತು. ಚೀಲಗಳು ನೆನೆಯುವ ಮೊದಲು ಒಳಗೆ ಸೇರಬೇಕಿತ್ತು. ಅದೇ ಊಟದ ಹೊತ್ತು.

ನಾನು ಸುತ್ತಿಗೆ ಹಿಡಿದು ಕಂಬಿಯ ಮುಂದೆ ನಿಂತಿದ್ದೆ. ದೊಡ್ಡಮ್ಮ ಮೊದಲ ಚೀಲವನ್ನು ಬೆನ್ನಿಗೇರಿಸಿಕೊಂಡು ನನ್ನನ್ನು ನೋಡಿದಳು.

"ಹೊಡೀರಿ ರೈಟ್ರೇ," ಎಂದಳು. "ಈ ಮೀನು ಎಲ್ಲಿಗೂ ಹೋಗಲ್ಲ."