ರಾಡಿಯಲ್ಲಿ ನಿಂತು ಕಾಯುವ ಗುತ್ತೆವ್ವ

ಪುಷ್ಯ ಮಳೆ ಹಿಡಿದು ಕೂತಿದೆ. ಮದಗದ ಕೆರೆಯ ನೀರು ಕಾಲುವೆಗಿಳಿದು, ಮಾಸೂರಿನ ಗದ್ದೆಗಳಲ್ಲಿ ನಾಟಿ ಜೋರಾಗಿದೆ. ಬೆಳಕು ಪೂರ್ತಿ ಹರಿಯುವ ಮೊದಲೇ ಹೆಂಗಸರ ಸಾಲು ಮೊಣಕಾಲುದ್ದ ರಾಡಿಗಿಳಿದು, ಗೊಬ್ಬರದ ಚೀಲದ ಕೊಪ್ಪೆ ಹೊದ್ದು, ಹಿಂದಕ್ಕೆ ಸರಿಯುತ್ತ ಸಸಿ ಊರುತ್ತಿದೆ. ಬಲತುದಿಯಲ್ಲಿರುವ ಗುತ್ತೆವ್ವ ಈ ಗುಂಪಿನ ಮುಂದಾಳು. ಆಕೆಯ ಕೈ ಸಸಿಯ ಮೇಲಿದೆ, ಕಣ್ಣು ಮಾತ್ರ ಪಕ್ಕದ ಸವಿತಾಳ ಮೇಲಿದೆ.

ಸವಿತಾ ಹಾನಗಲ್ಲ ಕಡೆಯಿಂದ ಸೊಸೆಯಾಗಿ ಬಂದವಳು. ನಾಟಿಯ ಮೊದಲ ವಾರ ಇದೇ ಬಯಲಿನಲ್ಲಿ ಎದೆ ಡವಡವ ಹೊಡೆದುಕೊಂಡು, ಕೈ ಜೋಮು ಹಿಡಿದು, ಉಸಿರು ಸಿಗದೆ ಕುಸಿದಳು. ಆಮೇಲೆ ಗುತ್ತೆವ್ವನ ಜೊತೆ ಆಸ್ಪತ್ರೆಗೆ ಹೋದದ್ದು ಬಿಟ್ಟರೆ ಹೊಸ್ತಿಲು ದಾಟಿಲ್ಲ. ಇವತ್ತು ಮತ್ತೆ ಇಳಿದಿದ್ದಾಳೆ. ಇವತ್ತು ಓಡಿಹೋದರೆ ಇನ್ನು ಬರುವುದು ಕಷ್ಟ. ಗುತ್ತೆವ್ವನಿಗೆ ಅದು ಗೊತ್ತು. ಆ ದಾರಿ ಆಕೆ ನಡೆದದ್ದೇ.

"ಜೀವ ಹೊಂಟ ಹೋತು ಅನಸ್ತಿತ್ತರಿ," ಎನ್ನುತ್ತಾರೆ ಗುತ್ತೆವ್ವ, ಕೆಲವು ವರ್ಷಗಳ ಹಿಂದಿನದನ್ನು ನೆನೆದು. "ಹಿರೇಕೆರೂರಾಗ ಎದಿ ಪಟ್ಟಿ, ಅದ ಈಸೀಜಿ, ತಗದ್ರು. ಏನೂ ಇಲ್ಲ ಅಂದ್ರು. ಏನೂ ಇಲ್ಲಂದ್ರ ನಾ ಯಾಕ ಸಾಯಾಕತ್ತೇನಿ?"

ಊರವರು ಗಾಳಿ ಸೋಕಿದೆ ಎಂದರು. ಜೊತೆಯವರು ಪ್ರೀತಿಯಿಂದಲೇ ಒಂದು ತಪ್ಪು ಮಾಡಿದರು: ಎದೆ ಬಡಿದಾಗಲೆಲ್ಲ ಆಕೆಯನ್ನು ಎತ್ತಿ ಬದುವಿನ ಮೇಲೆ ಮಲಗಿಸಿ, ಸಕ್ಕರೆ ನೀರು ಕುಡಿಸಿ, ಮನೆಗೆ ಕಳಿಸಿ, ಆಕೆಯ ಸಾಲನ್ನು ತಾವೇ ನೆಟ್ಟರು. ಇಲ್ಲಿ ಅದಕ್ಕೆ ಮುಯ್ಯಿ ಎನ್ನುತ್ತಾರೆ. ಒಬ್ಬರ ದಿನದ ದುಡಿಮೆಯನ್ನು ಇನ್ನೊಬ್ಬರು ದಿನ ದುಡಿದೇ ತೀರಿಸಬೇಕು. ಗುತ್ತೆವ್ವನಿಗೆ ಮೊದಲು ಆ ಗದ್ದೆಯ ಅಂಜಿಕೆ ಹತ್ತಿತು, ಆಮೇಲೆ ಎಲ್ಲ ಗದ್ದೆಗಳದು, ಬಸ್ಸಿನದು, ಸಂತೆಯದು. ಕೊನೆಗೆ ಅಡುಗೆಮನೆಯೊಂದೇ ಉಳಿಯಿತು.

ಗಂಡ ಮಾರೆಪ್ಪ ದಾರ ಕಟ್ಟಿಸಲು ಹುಲಗೂರಿನ ದರ್ಗಾಕ್ಕೆ ಕರೆದೊಯ್ದ. ಜನರ ನಡುವೆ ಮತ್ತೆ ಎದೆ ಬಡಿಯಿತು. ಬಾಗಿಲಲ್ಲಿ ಹೂ ಮಾರುವ ಮಾಬೂಬಿ ಬುಟ್ಟಿ ಬಿಟ್ಟು ಬಂದು, ಅದು ಇಳಿಯುವ ತನಕ ಪಕ್ಕದಲ್ಲೇ ಕುಳಿತಳು. "ದಾರ ಕಟ್ಟಸ್ಕೊ, ಬ್ಯಾಡ ಅನ್ನಂಗಿಲ್ಲ. ಆದ್ರ ಮನಸಿನ ಡಾಕ್ಟರಿಗೂ ತೋರಸವ್ವಾ. ನನ್ನ ಮಗಳು ನೂರಜಹಾನಗೂ ಹಿಂಗ ಆಗಿತ್ತು. ಈಗ ಅತ್ತಿ ಜೋಡಿ ಜಗಳಾ ಆಡುವಷ್ಟು ಆರಾಮ ಅದಾಳ!" ಎಂದಳು. ಆ ದಿನ ಗುರುವಾರ, ಹೂವಿಗೆ ಗಿರಾಕಿ ಹೆಚ್ಚಿನ ದಿನ. ಮಾಬೂಬಿ ಬುಟ್ಟಿ ಮುಚ್ಚಿ ಶಿಗ್ಗಾಂವಿಯ ಆಸ್ಪತ್ರೆಗೆ ಜೊತೆಗೇ ಬಂದಳು.

ಅಲ್ಲಿನ ಮನಸ್ಸಿನ ಡಾಕ್ಟರು ತಹಮೀನಾ ಆ ಕಾಯಿಲೆಗೆ ಹೆಸರು ಹೇಳಿದರು: ಪ್ಯಾನಿಕ್ ಡಿಸಾರ್ಡರ್, ಕಾರಣವಿಲ್ಲದೆ ಏಕಾಏಕಿ ಅಂಜಿಕೆ ಮೈಯೇರುವ ಕಾಯಿಲೆ. ಅವರು ತಿಳಿಸಿದ್ದನ್ನು ಗುತ್ತೆವ್ವ ತಮ್ಮ ಮಾತಿನಲ್ಲಿ ಹೇಳುವುದು ಹೀಗೆ: "ಮೈಯಾಗಿನ ನಾಯಿ ನೆಳ್ಳಿಗೆ ಬೊಗಳತೈತಿ. ಬೊಗಳಿ ಬೊಗಳಿ ತಾನ ಸುಮ್ಮನಾಗತೈತಿ. ಓಡಿದ್ರ ಬೆನ್ನ ಹತ್ತತೈತಿ." ಗುಳಿಗೆ, ಮಾತುಕತೆ, ಮೆಲ್ಲಗೆ ಮತ್ತೆ ಗದ್ದೆಗೆ ಇಳಿಯುವುದು. ತಿಂಗಳುಗಳೇ ಹಿಡಿದವು. ಆಗ ಆಕೆ ಗೆಳತಿಯರಿಗೆ ಹೇಳಿದ್ದು ಒಂದೇ: "ಎತ್ತಬ್ಯಾಡ್ರಿ ನನ್ನ. ಬಾಜೂಕ ನಿಂದರ್ರಿ, ಸಾಕು."

ಈಗ ಗದ್ದೆಯಲ್ಲಿ ಸವಿತಾಳ ಕೈಯಿಂದ ಸಸಿ ಜಾರುತ್ತದೆ. ಅವಳು ಬದುವಿನ ಕಡೆ ತಿರುಗುತ್ತಾಳೆ.

"ನಿಂದರ್ರಿ," ಎನ್ನುತ್ತಾರೆ ಗುತ್ತೆವ್ವ.

ಇಡೀ ಸಾಲು ಬೆನ್ನು ನೆಟ್ಟಗೆ ಮಾಡಿ ನಿಲ್ಲುತ್ತದೆ. ಯಾರೂ ಓಡಿಬರುವುದಿಲ್ಲ, ಯಾರೂ ಕೈ ಹಚ್ಚುವುದಿಲ್ಲ.

"ಬಂತೇನು?"

"ಬಂತಕ್ಕಾ. ಸಾಯ್ತೇನಿ."

"ನನಗೂ ಹಂಗ ಅನಸ್ತಿತ್ತು. ಡಾಕ್ಟರು ನಿನ್ನ ಎದಿ ನೋಡ್ಯಾರ, ಗಟ್ಟಿ ಐತಿ. ಉಸುರು ಸಾವಕಾಶ ಬಿಡು. ನಾವೆಲ್ಲಾ ಇಲ್ಲೇ ಅದೇವಿ."

ಮಳೆ ಕೊಪ್ಪೆಗಳ ಮೇಲೆ ಸುರಿಯುತ್ತದೆ. ಬದುವಿನ ಮೇಲಿದ್ದ ಗದ್ದೆಯ ಯಜಮಾನ ಕುಬೇರಪ್ಪ ಕೆಲಸ ನಿಂತದ್ದಕ್ಕೆ ಗದರಲು ಬಾಯಿ ತೆರೆದವನು, ಆ ಸಾಲನ್ನು ನೋಡಿ ಕಾಲುವೆಯ ಕಡೆ ಮುಖ ತಿರುಗಿಸುತ್ತಾನೆ. ಎಷ್ಟೋ ಹೊತ್ತಿನ ಮೇಲೆ ಸವಿತಾಳ ಭುಜ ಇಳಿಯುತ್ತದೆ. ಅವಳು ಬಗ್ಗಿ, ಬಿದ್ದ ಸಸಿಯನ್ನೇ ಹುಡುಕಿ ಊರುತ್ತಾಳೆ.

"ಇನ್ನೊಂದೀಟು ತಡೀಬಾರದೇನ ಸವಿತಾ? ಈಗರೆ ನನ್ನ ನಡಾ ನೆಟ್ಟಗಾಗಿತ್ತು!" ಎಂದು ಆಚೆ ನಿಂತ ಸುಶೀಲವ್ವ ಗೊಣಗುತ್ತಾಳೆ. ಸಾಲಿಗೆ ಸಾಲೇ ನಗುತ್ತದೆ. ಸವಿತಾಳೂ ನಗುತ್ತಾಳೆ.

ಅಬಲೂರಿನಿಂದ ಸವಣೂರಿನವರೆಗೆ ಇಂಥ ಎಷ್ಟು ಮಂದಿಯ ಜೊತೆ ಗುತ್ತೆವ್ವ ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗಿದ್ದಾರೋ, ಅವರು ಲೆಕ್ಕವಿಟ್ಟಿಲ್ಲ. ಬುತ್ತಿ ಬಿಚ್ಚಿದಾಗ ಸವಿತಾ ಕೇಳುತ್ತಾಳೆ: "ನಿನ್ನ ಮುಯ್ಯಿ ಹೆಂಗ ತೀರಸ್ಲಿ ಅಕ್ಕಾ?"

"ನಂದ ಇನ್ನೂ ತೀರಿಲ್ಲವ್ವಾ," ಎಂದು ಗುತ್ತೆವ್ವ ರೊಟ್ಟಿ ಮುರಿಯುತ್ತಾರೆ. ಆ ಗುರುವಾರ ಬುಟ್ಟಿ ಮುಚ್ಚಿ ಜೊತೆಗೆ ಬಂದ ಮಾಬೂಬಿಗೆ ಹೊಲವಿಲ್ಲ, ಮುಯ್ಯಿಗೆ ಹೋಗಿ ದುಡಿದು ಬರಲು. ಅದಕ್ಕೇ ಪ್ರತಿವರ್ಷ ನಾಟಿ ಮುಗಿದ ಮೇಲೆ ಒಂದು ಗುರುವಾರ ಹುಲಗೂರಿಗೆ ಹೋಗಿ ದಿನವಿಡೀ ಹೂ ಕಟ್ಟಿ ಬರುತ್ತಾರೆ. "ಇದೇನು ಹೂವಾ ಕಟ್ಟೀಯೋ, ಸಸಿ ಹಚ್ಚೀಯೋ? ಮುಯ್ಯಿ ತೀರೇತಿ, ನಡಿ ಮನೀಗೆ" ಎಂದು ಮಾಬೂಬಿ ಬೈಯುತ್ತಾಳಂತೆ.

"ಈ ಸಲ ನೀನೂ ಬಾ. ಬಸ್ಸಿನ್ಯಾಗ ಕಿಡಕಿ ಬಾಜೂಕ ಕುಂದ್ರಸ್ತೇನಿ," ಎನ್ನುತ್ತಾರೆ ಸವಿತಾಳಿಗೆ. ಸವಿತಾ ಬುತ್ತಿಯ ಗಂಟು ಕಟ್ಟುತ್ತಾಳೆ. ಗುತ್ತೆವ್ವ ಕೈ ತೊಳೆದು ಮತ್ತೆ ಕೊಪ್ಪೆ ಹೊದೆಯುತ್ತಾರೆ.

"ತೀರೇತಿ ಅಂತ ಮಾಬೂಬಿ ಅಂತಾಳರಿ, ನಾ ಒಪ್ಪಂಗಿಲ್ಲ. ತೀರಿದ್ರ ಆಕಿ ಕಡೆ ಹೋಗಾಕ ನನಗ ನೆಪ ಏನ ಉಳೀತೈತಿ?"