ದೊಡ್ಡಪ್ಪ ಮೆಚ್ಚಿದ ವೈನು

ಮುದ್ದೆಯ ಮೇಲೆ ಫೋರ್ಕಿನ ನಾಲ್ಕು ಗೀರುಗಳಿದ್ದವು. ನುಣ್ಣಗೆ ಹೊಳೆಯುತ್ತಿದ್ದ ರಾಗಿಮುದ್ದೆಗೆ ಆ ಮನೆಯಲ್ಲಿ ಅಂಥ ಗಾಯ ಅದಕ್ಕೆ ಮೊದಲು ಆಗಿರಲಿಲ್ಲ.

ಫೋರ್ಕು ನನ್ನ ದೊಡ್ಡಪ್ಪನದು. ಕಾರ್ಖಾನೆಯವರು ತರಬೇತಿಗೆಂದು ಅವರನ್ನು ಆರು ತಿಂಗಳು ಫ್ರಾನ್ಸಿಗೆ ಕಳಿಸಿದ್ದರು. ಹೋದದ್ದು ಯಂತ್ರ ಕಲಿಯಲು, ಬಂದದ್ದು ಊಟ ಕಲಿತು. ಅರವತ್ತರ ದಶಕದ ಆರಂಭದ ಒಂದು ಚಳಿಗಾಲದಲ್ಲಿ ಅವರು ರಜೆ ಹಾಕಿ ತಂಗಿಯ ಮನೆಗೆ ಬಂದರು. ಈ ತಂಗಿ, ನನ್ನ ಸೋದರತ್ತೆ, ಯಲಹಂಕದಾಚೆ ದ್ರಾಕ್ಷಿ ತೋಟದಲ್ಲಿದ್ದಳು. ಅಣ್ಣ ಹೋದಲ್ಲಿಗೆ ಹೋಗುವ ಅಭ್ಯಾಸವಿದ್ದ ನನ್ನ ತಂದೆ ಯಶವಂತಪುರದಿಂದ ನನ್ನನ್ನೂ ಕರೆದುಕೊಂಡು ಹೊರಟರು.

ನಾನು ಹೋದದ್ದಕ್ಕೆ ಬೇರೆ ಕಾರಣವಿತ್ತು. ತುಮಕೂರಿನ ಕಾಲೇಜೊಂದರಲ್ಲಿ ನನಗೆ ಉಪನ್ಯಾಸಕಿಯ ಕೆಲಸ ಸಿಕ್ಕಿತ್ತು. ಆ ವಾರದೊಳಗೆ ಒಪ್ಪಿಗೆ ತಿಳಿಸಬೇಕಿತ್ತು. ತಂದೆ ಬೇಡವೆನ್ನಲಿಲ್ಲ, ಹೂಂ ಎನ್ನಲೂ ಇಲ್ಲ. "ಅಣ್ಣನ್ನ ಒಂದ್ ಮಾತು ಕೇಳೋಣ" ಎಂದರು. ನಮ್ಮ ಕಾಫಿಪುಡಿಗೆ ಎಷ್ಟು ಚಿಕೋರಿ ಬೆರೆಸಬೇಕೆಂಬುದನ್ನೂ ಅವರು ಅಣ್ಣನನ್ನು ಕೇಳಿಯೇ ನಿರ್ಧರಿಸಿದ್ದರು. ನನ್ನ ಎಂ.ಎ. ಪದವಿ ಚಿಕೋರಿಯ ಹಿಂದೆ ಸರದಿಯಲ್ಲಿ ನಿಂತಿತ್ತು.

ರಜೆಯಲ್ಲಿ ಯಾವ ಊರಿಗೆ ಹೋಗುತ್ತೇವೋ ಆ ಊರಿನ ಅಡುಗೆಯನ್ನೇ ಉಣ್ಣಬೇಕು, ಆ ಊರಿನ ವೈನನ್ನೇ ಕುಡಿಯಬೇಕು ಎಂಬುದು ದೊಡ್ಡಪ್ಪ ಹೊಸದಾಗಿ ತಂದ ನಿಯಮ. ಹುಟ್ಟಿದಾಗಿನಿಂದ ತಿಂದ ಮುದ್ದೆಯನ್ನು ಅವರು ಆ ಮಧ್ಯಾಹ್ನ ಕಂಡುಹಿಡಿದರು.

"ಅಗಿದ್ರೆ ಮಾತ್ರ ಧಾನ್ಯದ ರುಚಿ ಗೊತ್ತಾಗೋದು. ನೀವೆಲ್ಲ ನುಂಗ್ತೀರಿ. ಶುದ್ಧ ಅನಾಗರಿಕತೆ" ಎಂದು ಅಗಿಯತೊಡಗಿದರು. ಮುದ್ದೆ ಹೋಗಿ ಮೇಲಿನ ಕಟ್ಟಿಸಿದ ಹಲ್ಲಿಗೆ ಅಂಟಿಕೊಂಡಿತು. ಅವರ ಮಾತು ನಿಂತ ಅಷ್ಟು ಹೊತ್ತು ನಮಗೂ ರಜೆ ಸಿಕ್ಕಿತು.

ಜೊತೆಗೆ ಹಿತಕಿದಬೇಳೆ ಸಾರಿತ್ತು. ನೆನೆಸಿದ ಅವರೆಯ ಒಂದೊಂದೇ ಕಾಳನ್ನು ಹಿಂದಿನ ಸಂಜೆಯಿಂದ ಅತ್ತೆ ಮತ್ತು ನಾನು ಹಿತುಕಿದ್ದೆವು. ನಮ್ಮ ಬೆರಳ ತುದಿಗಳು ಇನ್ನೂ ಸುಕ್ಕಾಗಿದ್ದವು. ದೊಡ್ಡಪ್ಪ ಎರಡು ಸಲ ಹಾಕಿಸಿಕೊಂಡು, "ಹಳ್ಳಿ ಅಡುಗೇಲಿ ಶ್ರಮಾನೇ ಇಲ್ಲ. ಅದಕ್ಕೇ ಇಷ್ಟು ರುಚಿ" ಎಂದರು. ಅತ್ತೆ ಮೂರನೆಯ ಸಲ ಬಡಿಸಿದಳು.

"ಇಷ್ಟು ದ್ರಾಕ್ಷಿ ಬೆಳೀತೀರಿ, ಒಂದು ಲೋಟ ವೈನ್ ಇಲ್ವೇನೆ?"

"ಅದೆಲ್ಲ ನಮ್ಮನೇಲಿ ಎಲ್ಲಿಂದ ಬರ್ಬೇಕು ಅಣ್ಣಯ್ಯ."

ದೊಡ್ಡಪ್ಪ ಮೂಗನ್ನು ನಂಬಿದ ಮನುಷ್ಯ. ಕೈ ತೊಳೆಯಲು ಎದ್ದವರು ಉಗ್ರಾಣದ ಕಡೆ ತಿರುಗಿ, ಕಂದು ಬಣ್ಣದ ಭರಣಿಯೊಂದನ್ನು ಎತ್ತಿಕೊಂಡು ಬಂದರು. "ಇದೇನು ಹಾಗಾದ್ರೆ?"

ಅತ್ತೆಯ ಮುಖ ಬಿಳಿಚಿತು. ಒಳಗಿನ ಕೋಣೆಯಲ್ಲಿ ಅವಳ ಮಗಳು, ನಾನು ಅಕ್ಕ ಎನ್ನುತ್ತಿದ್ದವಳು, ಮೊದಲ ಬಾಣಂತನಕ್ಕೆ ಬಂದು ಮಲಗಿದ್ದಳು. ಭರಣಿಯಲ್ಲಿದ್ದದ್ದು ಅವಳ ಔಷಧಿ. ದ್ರಾಕ್ಷಿಗೆ ಬೆಲ್ಲ, ಮಸಾಲೆ ಹಾಕಿ ತಿಂಗಳುಗಟ್ಟಲೆ ಕೊಳೆಸಿ ಸೋಸಿದ್ದು. ಎದೆಹಾಲು ಹೆಚ್ಚಲೆಂದು ಸಂಜೆ ಎರಡು ಚಮಚ. ಬಾಣಂತಿಯ ಕೋಣೆಗೆ ಗಂಡಸರು ಕಾಲಿಡುವಂತಿಲ್ಲ, ಅಲ್ಲಿನ ವಿಷಯವನ್ನು ಗಂಡಸರ ಮುಂದೆ ಆಡುವಂತೆಯೂ ಇಲ್ಲ. 

ದೊಡ್ಡಪ್ಪ ಬೆಳ್ಳಿ ಲೋಟಕ್ಕೆ ಸುರಿದುಕೊಂಡರು. ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು, ಬೆಳ್ಳಿಯ ಮೂಲಕವೇ ಬಣ್ಣ ನೋಡಿದರು. ಆಡಿಸಿದರು, ಮೂಸಿದರು, ಕಣ್ಣು ಮುಚ್ಚಿ ಗುಟುಕರಿಸಿದರು.

"ನೋಡು, ಈ ಖಾರ, ಈ ಘಮ! ಇದು ಯಲಹಂಕದ ಕೆಂಪು ಮಣ್ಣಿನ ಗುಣ. ಬೇರೆಲ್ಲೂ ಬರಲ್ಲ."

"ಮಣ್ಣೇ ಅಣ್ಣ" ಎಂದರು ತಂದೆ. ಅವರು ಜನ್ಮದಲ್ಲಿ ವೈನು ಮುಟ್ಟಿದವರಲ್ಲ.

ಮೂರನೆಯ ಲೋಟದ ಹೊತ್ತಿಗೆ ತಂದೆ ಧೈರ್ಯ ಮಾಡಿ ನನ್ನ ಕೆಲಸದ ವಿಷಯ ಎತ್ತಿದರು. ದೊಡ್ಡಪ್ಪ ನನ್ನತ್ತ ನೋಡಲಿಲ್ಲ, ಲೋಟವನ್ನು ಇನ್ನೊಮ್ಮೆ ಮೂಸಿದರು.

"ಬೇಡ. ನಾಲ್ಕು ಜನರ ಮುಂದೆ ನಿಂತು ಬಾಯಿ ಬಿಡೋ ಹುಡುಗಿ ಅಲ್ಲ ಇವಳು. ವೈನಾಗ್ಲಿ, ಮನುಷ್ಯರಾಗ್ಲಿ, ಒಂದ್ಸಲ ನೋಡಿದ್ರೆ ಸಾಕು, ನನ್ನ ಅಂದಾಜು ತಪ್ಪೋದಿಲ್ಲ."

ತಂದೆ "ಸರಿ" ಎನ್ನಲು ಉಸಿರೆಳೆದುಕೊಂಡರು. ಅವರಿಗಿಂತ ಮೊದಲು ನಾನು ಮಾತಾಡಿದೆ.

"ದೊಡ್ಡಪ್ಪ, ಖಾರ ಮಣ್ಣಿಂದ ಬಂದಿದ್ದಲ್ಲ. ಶುಂಠಿ, ಮೆಣಸು, ಹಿಪ್ಪಲಿ, ಓಂಕಾಳು. ಅದು ಅಕ್ಕನ ಬಾಣಂತಿ ಔಷಧಿ. ದಿನಕ್ಕೆ ಎರಡೇ ಚಮಚ. ನೀವು ಕುಡಿದಿರೋದು ಅವಳ ಎಷ್ಟೋ ದಿನದ್ದು."

 ಹೊಸ್ತಿಲ ಬಳಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆಯ ಅತ್ತೆ, ಆ ಊರಿನಲ್ಲೇ ಹುಟ್ಟಿ ಬೆಳೆದ ಮುದುಕಿ, ತಲೆ ಎತ್ತದೆ ಹೇಳಿದಳು:

"ಓಗ್ಲಿ ಬಿಡಪ್ಪ, ಕುಡ್ದಿದ್ದು ದಂಡ ಆಗಾಕಿಲ್ಲ. ನಿನ್ಗೂ ಆಲು ಚೆನ್ನಾಗ್ ಇಳೀತದೆ."

ಮೊದಲ ನಗು ಬಂದದ್ದು ಬಾಣಂತಿಯ ಕೋಣೆಯಿಂದ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಓಡಿದಳು. ತಂದೆ ಕೆಮ್ಮಿದರು, ಸೂರು ನೋಡಿದರು, ಪಂಚೆ ಸರಿಮಾಡಿಕೊಂಡರು. ಯಾವುದೂ ಸಾಲದೆ ಕೊನೆಗೆ ನಕ್ಕುಬಿಟ್ಟರು. ಅಣ್ಣನ ಎದುರು ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

"ಫ್ರಾನ್ಸಲ್ಲೂ ಗಿಡಮೂಲಿಕೆ ಹಾಕ್ತಾರೆ" ಎಂದರು ದೊಡ್ಡಪ್ಪ. 

ತಂದೆ ಕಣ್ಣೊರೆಸಿಕೊಂಡು ಅಣ್ಣನನ್ನು ದಾಟಿ ನನ್ನ ಕಡೆ ತಿರುಗಿದರು. "ಯಾವತ್ತು ಸೇರ್ಕೋಬೇಕಮ್ಮ?"

"ಬರೋ ಸೋಮವಾರ."

"ಹಾಸಿಗೆ ಹೊದಿಕೆ ಬೇಕಾಗುತ್ತೆ. ತುಮಕೂರಲ್ಲಿ ಚಳಿ ಜಾಸ್ತಿ" ಎಂದರು. ಅವರು ತುಮಕೂರು ನೋಡಿರಲಿಲ್ಲ. ನಾನು ತಿದ್ದಲು ಹೋಗಲಿಲ್ಲ.

ಮರುದಿನ ಬೆಳಿಗ್ಗೆ ದೊಡ್ಡಪ್ಪ ಏಳುವ ಮೊದಲು ಭರಣಿಯನ್ನು ಬಾಣಂತಿಯ ಮಂಚದ ಕೆಳಗೆ ಇಟ್ಟು, ಯಲಹಂಕದ ಅಂಚೆ ಕಚೇರಿಗೆ ನಡೆದುಹೋಗಿ, ಸೋಮವಾರ ಬರುತ್ತೇನೆಂದು ಕಾಲೇಜಿಗೆ ತಂತಿ ಕೊಟ್ಟೆ.