ದಸರೆ ದಾಟಿದ ಮೇಲೆ ಕೊನೆಯ ಕಂತು

ಮೊನ್ನೆ ಮೊದಲ ಮಳೆಗೇ ಬೀದರಿನ ನಮ್ಮ ಹೊಸ ಅಡುಗೆಮನೆ ಸೋರಿತು. ಬೋಗುಣಿಗೆ ಟಪ್ಪೆಂದು ಹನಿ ಬಿದ್ದಾಗ ಸೊಸೆ ನನ್ನನ್ನು ನೋಡಿದ ನೋಟ ನೀವು ನೋಡಬೇಕಿತ್ತು. ಮಳೆಗಾಲ ಮುಗಿಯುವ ತನಕ ಹತ್ತರಲ್ಲೊಂದು ಪಾಲು ರೊಕ್ಕ ಹಿಡಿದಿಟ್ಟುಕೊಳ್ಳಬೇಕೆಂದು ಕರಾರಿನಲ್ಲಿ ಬರೆದಿತ್ತು. ಗುತ್ತೇದಾರನಿಗೆ ಅದನ್ನೂ ಕೊಟ್ಟು ಕೂತವಳು ನಾನೇ.

ಇಂಥ ಕರಾರು ನನಗೆ ಹೊಸದಲ್ಲ. ನಿಜಾಮನ ಕಾಲದಲ್ಲಿ ಅಪ್ಪ ಭಾಲ್ಕಿಯ ವಕೀಲರೊಬ್ಬರ ಗುಮಾಸ್ತ. ಅಂಗಡಿಯಿಂದ ಉಪ್ಪು ತಂದರೂ ಇಬ್ಬರು ಸಾಕ್ಷಿ ಬೇಕೆನ್ನುವ ಮನುಷ್ಯ. ಮನೆ ಕಟ್ಟುವ ಕೆಲಸವನ್ನು ಇಮಾಮಸಾಬ್ ಗೌಂಡಿಗೆ ವಹಿಸಿದಾಗ ಛಾಪಾ ಕಾಗದದ ಮೇಲೆ ಉರ್ದುವಿನಲ್ಲಿ ತಾನೇ ಬರೆದ: ಪಾಯಕ್ಕಿಷ್ಟು, ಗೋಡೆಗಿಷ್ಟು, ಕೊನೆಯ ಕಂತು ಮಾತ್ರ ದಸರೆ ದಾಟಿದ ಮೇಲೆ, ಮಾಳಿಗೆ ಸೋರದಿದ್ದರೆ. ಮಣ್ಣಿನ ಮಾಳಿಗೆಗೆ ನಮ್ಮ ಕಡೆ ಅದೇ ರೂಢಿ. ಇಮಾಮಸಾಬ್ ನಗುತ್ತಲೇ ಹೆಬ್ಬೆಟ್ಟೊತ್ತಿದ.

ಮಾಳಿಗೆಯ ಮಣ್ಣನ್ನು ಮೂರು ದಿನ ತುಳಿದ. ನಾನೂ ತುಳಿಯುತ್ತೇನೆಂದು ಇಳಿದು, ಮೊಣಕಾಲ ತನಕ ಹೂತು ಅಳುತ್ತ ನಿಂತೆ. "ಅಲ್ಲೇ ಇರು ಬೇಟಿ, ನಿನಗೂ ಮಣ್ಣಿನ ಜೋಡಿ ಮಾಳಿಗಿಗಿ ಹಾಕ್ತೇನಿ" ಎಂದ.

ಆ ವರ್ಷ ಭಾದ್ರಪದದಲ್ಲಿ ಪೊಲೀಸ್ ಆಕ್ಷನ್ ಆಯಿತು; ಭಾರತದ ಸೈನ್ಯ ಬಂದು ನಿಜಾಮನ ಆಳ್ವಿಕೆ ಬಿತ್ತು, ಹಿಂದೆಯೇ ಮುಸಲ್ಮಾನರ ಮನೆಗಳ ಮೇಲೆ ಸೇಡಿನ ದಾಳಿ ಶುರುವಾಯಿತು. ಊರಿನ ಬಾಗಿಲುಗಳು ಹಗಲಲ್ಲೇ ಮುಚ್ಚಿಕೊಂಡವು. ಒಂದು ಮಧ್ಯಾಹ್ನ ಇಮಾಮಸಾಬ್ ಹಿತ್ತಿಲಿಂದ ಬಂದ.

"ಗುಮಾಸ್ತರ, ಕಡೀ ಕಂತು ಈಗೇ ಕೊಡ್ರಿ. ಮಕ್ಕಳು ಮರಿ ಕರ್ಕೊಂಡು ಊರು ಬಿಡಬೇಕಾಗ್ಯದರಿ."

ಅಪ್ಪ ಕನ್ನಡಕ ಸರಿಮಾಡಿಕೊಂಡ. "ಇಕರಾರನಾಮಾದಾಗ ಏನ್ ಬರದದ? ದಸರಾ ದಾಟ್ಲಿ. ನಿನ್ನ ರೊಕ್ಕ ಎಲ್ಲಿಗಿ ಹೋಗ್ತದ?"

"ರೊಕ್ಕ ಎಲ್ಲಿಗೂ ಹೋಗಲ್ರಿ. ನಾ ಹೋಗ್ತೇನಿ."

ತಾನು ಕಟ್ಟಿದ ಮಾಳಿಗೆಯನ್ನೊಮ್ಮೆ ನೋಡಿ ಹೊರಟ. ಅವ್ವ ಇದ್ದ ರೊಟ್ಟಿಗಳನ್ನೆಲ್ಲ ಅರಿವೆಯಲ್ಲಿ ಕಟ್ಟಿಕೊಂಡು ಓಡಿದಳು. ಓಣಿಯಲ್ಲಿ ಅವನಿರಲಿಲ್ಲ.

ದಸರೆ ದಾಟಿತು, ಅವನು ಬರಲಿಲ್ಲ. ಅಪ್ಪ ರೊಕ್ಕವನ್ನು ಅದೇ ಕಾಗದದಲ್ಲಿ ಸುತ್ತಿಕೊಂಡು ಔರಾದ, ಸಂತಪುರವೆಲ್ಲ ತಿರುಗಿ ವಿಚಾರಿಸಿದ. ಯಾರಿಗೂ ಗೊತ್ತಿರಲಿಲ್ಲ. ಕಾನೂನು ನೋಡಿದರೆ ಅಪ್ಪನದೇನೂ ತಪ್ಪಿಲ್ಲ. ಪಾಪ, ಅದೇ ಅವನನ್ನು ತಿಂದಿತು. ಪ್ರತಿ ವರ್ಷ ಮಳೆ ಹಿಡಿದಾಗ ಕತ್ತೆತ್ತಿಕೊಂಡು ಕೋಣೆಯಿಂದ ಕೋಣೆಗೆ ಅಡ್ಡಾಡುವನು. ಮಾಳಿಗೆಯ ಚಿಂತೆ ಇರಬೇಕೆಂದು ನಾನು ತಿಳಿದಿದ್ದೆ. ಒಮ್ಮೆ ಅವ್ವನಿಗೆ ಹೇಳಿದ್ದು ಕಿವಿಗೆ ಬಿತ್ತು: "ಒಂದು ಹನಿ ಬಿದ್ದಿದ್ರ ಸಾಕಿತ್ತು ನೋಡು. ರೊಕ್ಕ ಕೊಡದಿದ್ದಕ್ಕ ಒಂದು ಕಾರಣ ಇರ್ತಿತ್ತು."

ಅಪ್ಪ ಸಾಯುವ ತನಕ ಆ ಮಾಳಿಗೆ ಸೋರಲಿಲ್ಲ.

ಹೀಗಾಗಿ ಈ ಬೇಸಿಗೆಯಲ್ಲಿ ಕಮಠಾಣ ಊರಿನ ನಮ್ಮ ಗುತ್ತೇದಾರ ಬಂದು, "ಅವ್ವಾರ, ಮನ್ಯಾಗ ಅಡಚಣಿ ಅದರಿ, ಉಳಿದದ್ದು ಈಗೇ..." ಎಂದು ತೊದಲಿದಾಗ ನಾನು ಕರಾರು ತೆಗೆದು ನೋಡಲಿಲ್ಲ. ಈಗ ಮೂರು ದಿನದಿಂದ ಫೋನ್ ಎತ್ತುತ್ತಿಲ್ಲ ಪುಣ್ಯಾತ್ಮ! ಸೊಸೆಯ ಸಿಟ್ಟು ನ್ಯಾಯವೇ.

ತುಂಬಿದ ಬೋಗುಣಿಯನ್ನು ಚೆಲ್ಲಿ ಅದೇ ಜಾಗಕ್ಕೆ ಇಟ್ಟಿದ್ದೇನೆ. ಅಪ್ಪ ಜೀವಮಾನವೆಲ್ಲ ಕಾದ ಹನಿ ಅದು. ಸೋರಲಿ ಬಿಡಿ.